ಕಾಣುವುದು ಯಾರಿಗೆ, ಒತ್ತುವುದು ಯಾರು: ನಿಯಂತ್ರಣ ತೆರೆಗಳಿಗೆ ಅನುಮತಿ ಹಾಕಿದ ಅನುಭವ

ನೀರು ಶುದ್ಧೀಕರಣ ಘಟಕವೊಂದರ ನಿಯಂತ್ರಣ ತಂತ್ರಾಂಶದಲ್ಲಿ ಯಾವ ಬಟನ್ನನ್ನು ಯಾರು ಒತ್ತಬಹುದು, ಯಾವ ಅಂಕಿಯನ್ನು ಯಾರು ಬದಲಿಸಬಹುದು ಎಂಬುದನ್ನು ನಿಗದಿಪಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಅದು ಎರಡು ವಾರಗಳಲ್ಲಿ ಮುಗಿಯುತ್ತದೆ ಎಂದು ನಾನು ಬರೆದುಕೊಟ್ಟಿದ್ದೆ. ಒಟ್ಟು 18 ತೆರೆಗಳಿದ್ದವು. ಪಂಪು ಚಾಲೂ ಮಾಡುವ ಮತ್ತು ನಿಲ್ಲಿಸುವ ಬಟನ್ನುಗಳು, ವಾಲ್ವು ಎಷ್ಟು ತೆರೆಯಬೇಕೆಂದು ಹೇಳುವ ಸ್ಲೈಡರುಗಳು, ಕ್ಲೋರಿನ್ ಪ್ರಮಾಣ ತುಂಬುವ ಚೌಕಗಳು, ಆಟೋ ಮತ್ತು ಮ್ಯಾನುಯಲ್ ನಡುವೆ ಬದಲಿಸುವ ಸ್ವಿಚ್ಚುಗಳು, ಅಲಾರಂ ಬಂದದ್ದನ್ನು ಗಮನಿಸಿದ್ದೇನೆಂದು ಒಪ್ಪಿಕೊಳ್ಳುವ ಬಟನ್ನುಗಳು, ಹೀಗೆ ಎಲ್ಲ ಸೇರಿ 412 ನಿಯಂತ್ರಣಗಳು. ತಂತ್ರಾಂಶದಲ್ಲಿ ಪ್ರತಿ ನಿಯಂತ್ರಣಕ್ಕೂ ಗುಣಲಕ್ಷಣಗಳ ಪುಟವಿದೆ, ಅದರಲ್ಲಿ ಅನುಮತಿಗೆಂದೇ ಒಂದು ಸಾಲಿದೆ. ಆ ಸಾಲನ್ನು 412 ಸಲ ತುಂಬಿದರೆ ಕೆಲಸ ಮುಗಿಯಿತು ಎಂಬುದು ನನ್ನ ಲೆಕ್ಕವಾಗಿತ್ತು. ಕೊನೆಗೆ ಹಿಡಿದದ್ದು ನಾಲ್ಕು ತಿಂಗಳು.

ಈ ಕೆಲಸ ಶುರುವಾಗಲು ಒಂದು ರಾತ್ರಿಯ ಘಟನೆ ಕಾರಣ. ಬೆಳಗಿನ ಪಾಳಿಯವರು ಬಂದು ನೋಡುವಾಗ ಕ್ಲೋರಿನ್ ಸೆಟ್‌ಪಾಯಿಂಟ್, ಅಂದರೆ ಎಷ್ಟು ಕ್ಲೋರಿನ್ ಬೇಕೆಂದು ತುಂಬಿಟ್ಟ ಅಂಕಿ, ಹಿಂದಿನ ಸಂಜೆ ಇದ್ದಂತೆ ಇರಲಿಲ್ಲ. ದಾಖಲೆ ತೆರೆದರೆ ರಾತ್ರಿ 2 ಗಂಟೆ 40 ನಿಮಿಷಕ್ಕೆ ಅದು ಬದಲಾಗಿದೆಯೆಂದೂ, ಬದಲಿಸಿದವರು ‘ಆಪರೇಟರ್’ ಎಂದೂ ಇತ್ತು. ಮೂರೂ ಪಾಳಿಯವರು, ರಿಪೇರಿಗೆ ಬರುವವರು, ಒಮ್ಮೊಮ್ಮೆ ನಾನು ಕೂಡ ಬಳಸುತ್ತಿದ್ದದ್ದು ಅದೇ ಒಂದು ಲಾಗಿನ್. ಬದಲಾವಣೆ ಸಣ್ಣದಾಗಿದ್ದರಿಂದ ನೀರಿಗೆ ಏನೂ ಆಗಲಿಲ್ಲ. ಆದರೆ ಅದನ್ನು ಯಾರಾದರೂ ಬೇಕೆಂದೇ, ಕಾರಣವಿಟ್ಟುಕೊಂಡು ಮಾಡಿದ್ದರೇ, ಅಥವಾ ಪಕ್ಕದ ಚೌಕದಲ್ಲಿ ತುಂಬಬೇಕಾದ ಅಂಕಿ ತಪ್ಪಿ ಇಲ್ಲಿ ಬಿತ್ತೇ ಎಂಬುದನ್ನು ತಿಳಿಯುವ ದಾರಿಯೇ ಇರಲಿಲ್ಲ. ನಾಲ್ಕು ಜನ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತ ಒಂದು ವಾರ ಕಳೆದರು. ವರ್ಷಗಟ್ಟಲೆ ನಿಷ್ಠೆಯಿಂದ ದುಡಿದವರನ್ನು ಆ ಸ್ಥಿತಿಗೆ ತಂದದ್ದು ನಮ್ಮ ವ್ಯವಸ್ಥೆಯ ದೋಷವೇ ಹೊರತು ಅವರದ್ದಲ್ಲ ಎಂದು ನನಗೆ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ನಮ್ಮ ತಂತ್ರಾಂಶ ಅನುಮತಿಯನ್ನು ಎರಡು ರೀತಿಯಲ್ಲಿ ಕೊಡಲು ಬಿಡುತ್ತದೆ: 0ಯಿಂದ 9ರವರೆಗಿನ ಮಟ್ಟಗಳಾಗಿ, ಇಲ್ಲವೇ ಬಳಕೆದಾರರ ಗುಂಪುಗಳಾಗಿ. ಮಟ್ಟಗಳು ಸುಲಭವೆಂದು ತೋರಿದ್ದರಿಂದ ನಾನು ಅಲ್ಲಿಂದಲೇ ತೊಡಗಿದೆ. ನೋಡುವವರಿಗೆ 1, ಆಪರೇಟರಿಗೆ 3, ಪಾಳಿಯ ಮೇಲ್ವಿಚಾರಕರಿಗೆ 5, ಉಪಕರಣಗಳ ಟೆಕ್ನಿಷಿಯನ್‌ಗೆ 6, ಎಂಜಿನಿಯರಿಗೆ 8, ನಿರ್ವಾಹಕರಿಗೆ 9 ಎಂದು ಕಾಗದದ ಮೇಲೆ ಬರೆದುಕೊಂಡು, ಎರಡು ದಿನಗಳಲ್ಲಿ ಅರವತ್ತಕ್ಕೂ ಹೆಚ್ಚು ನಿಯಂತ್ರಣಗಳಿಗೆ ಸಂಖ್ಯೆ ತುಂಬಿದೆ. ಮೂರನೆಯ ದಿನ ಕ್ಲೋರಿನ್ ಅಳೆಯುವ ವಿಶ್ಲೇಷಕದ ತೆರೆಗೆ ಬಂದಾಗ ಕೈ ನಿಂತಿತು. ಆ ಉಪಕರಣವನ್ನು ಕ್ಯಾಲಿಬ್ರೇಟ್ ಮಾಡುವ, ಅಂದರೆ ಅದರ ಅಳತೆಯನ್ನು ಸರಿಹೊಂದಿಸುವ, ಬಟನ್ ಟೆಕ್ನಿಷಿಯನ್‌ಗೆ ಮಾತ್ರ ಸಿಗಬೇಕು, ಆದ್ದರಿಂದ ಅದಕ್ಕೆ 6. ಆದರೆ 6 ಇರುವವರಿಗೆ 3 ಬೇಕಾದ ಎಲ್ಲವೂ ತಾನಾಗಿಯೇ ತೆರೆದುಕೊಳ್ಳುತ್ತದೆ, ಅಂದರೆ ಅಳತೆಯ ಉಪಕರಣ ನೋಡಿಕೊಳ್ಳಲು ಬಂದವರು ದೊಡ್ಡ ಪಂಪುಗಳನ್ನೂ ಚಾಲೂ ಮಾಡಬಲ್ಲರು. ಹಾಗೆಂದು ಅವರನ್ನು 2ಕ್ಕೆ ಇಳಿಸಿದರೆ, ಅವರಿಗಿಂತ ಮೇಲಿರುವ ಎಲ್ಲರೂ ವಿಶ್ಲೇಷಕವನ್ನು ಕ್ಯಾಲಿಬ್ರೇಟ್ ಮಾಡಬಲ್ಲರು. ಮಟ್ಟವೆಂಬುದು ಏಣಿ. ನಮ್ಮ ಕೆಲಸಗಾರರು ಏಣಿಯ ಮೆಟ್ಟಿಲುಗಳ ಮೇಲೆ ನಿಂತವರಲ್ಲ, ಅಕ್ಕಪಕ್ಕದ ಕೋಣೆಗಳಲ್ಲಿ ಬೇರೆ ಬೇರೆ ಕೆಲಸ ಮಾಡುವವರು. ತುಂಬಿದ ಅಷ್ಟೂ ಸಂಖ್ಯೆಗಳನ್ನು ಅಳಿಸಿ ಗುಂಪುಗಳ ಕಡೆಗೆ ಹೊರಳಿದೆ. ಕಂಪ್ಯೂಟರ್ ಭದ್ರತೆಯ ಸಂಶೋಧಕರಾದ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಪಾತ್ರಾಧಾರಿತ ಅನುಮತಿಯನ್ನು ಕುರಿತು ಪ್ರಬಂಧ ಮಂಡಿಸಿದ್ದರು. ಅನುಮತಿಯನ್ನು ವ್ಯಕ್ತಿಗೆ ನೇರವಾಗಿ ಕೊಡದೆ ಅವರು ವಹಿಸುವ ಪಾತ್ರಕ್ಕೆ ಕೊಡಬೇಕೆಂಬ ಅದರ ಮಾತನ್ನು ನಾನು ಓದಿದ್ದೆನಾದರೂ, ಅದರ ಅಗತ್ಯ ಮನಸ್ಸಿಗೆ ನಾಟಿದ್ದು ಆ ಮೂರನೆಯ ದಿನ.

ಆದರೂ ಯಾವ ಬಟನ್ ಯಾವ ಗುಂಪಿಗೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ತೆರೆಗಳ ಮುದ್ರಿತ ಚಿತ್ರಗಳನ್ನು ಹಿಡಿದುಕೊಂಡು ನಿಯಂತ್ರಣ ಕೊಠಡಿಗೆ ಹೋಗಿ, ಅಲ್ಲಿನ ಎಲ್ಲರಿಗಿಂತ ಹಿರಿಯರಾದ ಆಪರೇಟರ್ ಒಬ್ಬರ ಪಕ್ಕದಲ್ಲಿ ಕುಳಿತು ಒಂದೊಂದೇ ಬಟನ್ ತೋರಿಸಿ ಕೇಳುತ್ತ ಹೋದೆ. ಅರ್ಧ ಗಂಟೆ ತಾಳ್ಮೆಯಿಂದ ಉತ್ತರಿಸಿದ ಅವರು ಕೊನೆಗೆ, “ಮೇಡಂ, ಯಾವ ಬಟನ್ ಯಾರಿಗೆ ಅಂತ ಕೇಳಬೇಡಿ. ರಾತ್ರಿ ಪಾಳಿಯಲ್ಲಿ ನಾನೊಬ್ಬನೇ ಇರುವಾಗ ಏನೇನು ಮಾಡಬೇಕಾಗುತ್ತೆ ಅಂತ ಕೇಳಿ, ಆಮೇಲೆ ಬಟನ್ನು ನೀವೇ ಹುಡುಕಿಕೊಳ್ಳಿ,” ಎಂದರು. ಇಡೀ ಕೆಲಸದಲ್ಲಿ ನನಗೆ ಸಿಕ್ಕಿದ ಅತ್ಯಂತ ಉಪಯುಕ್ತವಾದ ಮಾತು ಅದು. ಆ ವಾರ ಮೂರು ಪಾಳಿಗಳಲ್ಲೂ ಕುಳಿತೆ. ಪಂಪು ಬದಲಿಸುವುದು, ಫಿಲ್ಟರ್ ತೊಳೆಯುವ ಕ್ರಮವನ್ನು ಆರಂಭಿಸುವುದು, ವಾಲ್ವನ್ನು ಮ್ಯಾನುಯಲ್‌ಗೆ ತೆಗೆದುಕೊಳ್ಳುವುದು, ಅಲಾರಂ ಒಪ್ಪಿಕೊಳ್ಳುವುದು, ಅಲಾರಂ ಮಿತಿಯನ್ನೇ ಬದಲಿಸುವುದು, ಡೋಸಿಂಗ್ ಪ್ರಮಾಣ (ನೀರಿಗೆ ಎಷ್ಟು ರಾಸಾಯನಿಕ ಸೇರಬೇಕೆಂಬುದು) ತಿದ್ದುವುದು, ಒಂದು ಸೆನ್ಸರನ್ನು ತಾತ್ಕಾಲಿಕವಾಗಿ ಲೆಕ್ಕದಿಂದ ಹೊರಗಿಡುವುದು, ಹೀಗೆ ಕ್ರಿಯಾಪದಗಳ ಪಟ್ಟಿ ಬೆಳೆಯಿತು. 412 ನಿಯಂತ್ರಣಗಳು ಕೊನೆಗೆ 27 ಕೆಲಸಗಳಾಗಿ ನಿಂತವು. ಹಲವಾರು ಬಟನ್ನುಗಳು ಒಂದೇ ಕೆಲಸದ ಬೇರೆ ಬೇರೆ ಬಾಗಿಲುಗಳಾಗಿದ್ದವು. ಅಂದಿನಿಂದ ಅನುಮತಿಯನ್ನು ಬಟನ್ನಿಗೆ ಹಾಕುವುದನ್ನು ಬಿಟ್ಟೆ. ‘ಡೋಸಿಂಗ್ ತಿದ್ದಬಹುದು’ ಎಂಬ ಹೆಸರಿನ ಒಂದು ಅನುಮತಿ ಮಾಡಿ, ಅದನ್ನು ಗುಂಪುಗಳಿಗೆ ಕೊಟ್ಟು, ಬಟನ್ನಿನ ಪುಟದಲ್ಲಿ ಆ ಹೆಸರನ್ನಷ್ಟೇ ಬರೆದೆ.

ಗುಂಪುಗಳನ್ನು ಹೆಸರಿಸುವಾಗ ಕೈಗಾರಿಕಾ ಯಂತ್ರಗಳ ನಡುವಿನ ಸಂವಹನಕ್ಕೆಂದು ಇರುವ ಒಪಿಸಿ ಯುಎ ಮಾನದಂಡ ನೆರವಿಗೆ ಬಂತು. ಅಬ್ಸರ್ವರ್, ಆಪರೇಟರ್, ಎಂಜಿನಿಯರ್, ಸೂಪರ್‌ವೈಸರ್ ಮುಂತಾದ ಪಾತ್ರಗಳನ್ನು ಅದು ಮೊದಲೇ ಹೆಸರಿಸಿಟ್ಟಿದೆ. ಅದರಲ್ಲಿ ನನಗೆ ವಿಶೇಷವಾಗಿ ಹಿಡಿಸಿದ ಸಂಗತಿಯೆಂದರೆ, ಸಂರಚನೆಯನ್ನು ಬದಲಿಸುವವರ ಪಾತ್ರ ಮತ್ತು ಭದ್ರತೆಯನ್ನು ಬದಲಿಸುವವರ ಪಾತ್ರ ಅಲ್ಲಿ ಬೇರೆ ಬೇರೆ. ನಾನೂ ಹಾಗೆಯೇ ಮಾಡಿದೆ. ತೆರೆಗಳನ್ನು ತಿದ್ದುವ ನಾನು ಬಳಕೆದಾರರನ್ನು ಸೇರಿಸಲಾರೆ. ಬಳಕೆದಾರರನ್ನು ಸೇರಿಸುವವರು ತೆರೆಗಳನ್ನು ತಿದ್ದಲಾರರು. ಇದಕ್ಕೆ ಮೊದಲು ಆಕ್ಷೇಪ ಎತ್ತಿದವರು ನನ್ನ ಮೇಲಿನವರೇ, ಕೆಲಸ ನಿಧಾನವಾಗುತ್ತದೆ ಎಂಬುದು ಅವರ ವಾದ. ನಿಧಾನವಾಯಿತು ಕೂಡ, ಆದರೆ ನಾನು ಪಟ್ಟು ಬಿಡಲಿಲ್ಲ.

ನಮ್ಮ ತಂತ್ರಾಂಶದಲ್ಲಿ ಒಂದು ಗುಂಪಿನ ಪಾಲಿಗೆ ಪ್ರತಿ ನಿಯಂತ್ರಣವೂ ಮೂರು ಸ್ಥಿತಿಗಳಲ್ಲಿ ಒಂದರಲ್ಲಿರಬಹುದು: ಬಳಸಬಹುದು, ಕಾಣುತ್ತದೆ ಆದರೆ ಬಳಸಲಾಗದು, ಕಾಣುವುದೇ ಇಲ್ಲ. ಬಳಸಲಾಗದ್ದನ್ನು ತೋರಿಸಿ ತೆರೆಯನ್ನು ಏಕೆ ತುಂಬಬೇಕು ಎಂದುಕೊಂಡು ನಾನು ಆರಂಭದಲ್ಲಿ ಮೂರನೆಯ ಸ್ಥಿತಿಯನ್ನೇ ಧಾರಾಳವಾಗಿ ಬಳಸಿದೆ. ಆಪರೇಟರ್ ಗುಂಪಿಗೆ ಎಂಜಿನಿಯರಿನ ಸ್ವಿಚ್ಚುಗಳೆಲ್ಲ ಅದೃಶ್ಯವಾದವು, ತೆರೆಗಳು ನೋಡಲು ಅಚ್ಚುಕಟ್ಟಾದವು. ಪ್ರಯೋಗದ ಎರಡನೆಯ ರಾತ್ರಿ ನಿಯಂತ್ರಣ ಕೊಠಡಿಯಿಂದ ಫೋನ್ ಬಂತು. ಒಂದು ವಾಲ್ವು ತೊಟ್ಟಿಯ ಮಟ್ಟ ಏರಿದರೂ ಕದಲುತ್ತಿಲ್ಲ, ತಂತ್ರಾಂಶ ಕೆಟ್ಟಿದೆಯೇ ಎಂದು ಪಾಳಿಯವರು ಕೇಳುತ್ತಿದ್ದರು. ತಂತ್ರಾಂಶ ಕೆಟ್ಟಿರಲಿಲ್ಲ. ಮಧ್ಯಾಹ್ನ ಎಂಜಿನಿಯರ್ ಒಬ್ಬರು ಆ ವಾಲ್ವನ್ನು ಮ್ಯಾನುಯಲ್‌ಗೆ ಹಾಕಿ ಹಾಗೆಯೇ ಬಿಟ್ಟು ಹೋಗಿದ್ದರು. ಆ ಸಂಗತಿಯನ್ನು ಹೇಳುತ್ತಿದ್ದದ್ದು ಆಟೋ ಮತ್ತು ಮ್ಯಾನುಯಲ್ ಸ್ವಿಚ್ಚೊಂದೇ, ನಾನು ಮರೆಮಾಡಿದ್ದದ್ದೂ ಅದನ್ನೇ. ಸ್ವಿಚ್ಚು ಆಜ್ಞೆಯನ್ನು ಕೊಡುವ ಸಾಧನವಾಗಿರುವಂತೆ ಸುದ್ದಿಯನ್ನು ಹೇಳುವ ಸಾಧನವೂ ಹೌದು. ಆಜ್ಞೆಯ ಹಕ್ಕನ್ನು ಕಸಿದುಕೊಳ್ಳುವ ಭರದಲ್ಲಿ ನಾನು ಸುದ್ದಿಯನ್ನೂ ಕಸಿದುಕೊಂಡಿದ್ದೆ. ಮರುದಿನವೇ ಕುಳಿತು, ಯಂತ್ರದ ಸ್ಥಿತಿಯನ್ನು ಯಾವುದೇ ರೀತಿಯಲ್ಲಿ ತಿಳಿಸುವ ನಿಯಂತ್ರಣ ಯಾರಿಗೂ ಅದೃಶ್ಯವಾಗಕೂಡದು ಎಂಬ ನಿಯಮ ಬರೆದೆ. ಬಳಕೆದಾರರ ಪಟ್ಟಿ, ಸಂವಹನದ ಹೊಂದಾಣಿಕೆ ಇಂಥ ಕೆಲವು ಪುಟಗಳನ್ನು ಬಿಟ್ಟರೆ ಮಿಕ್ಕ ಎಲ್ಲವೂ ಎಲ್ಲರಿಗೂ ಕಾಣತೊಡಗಿದವು.

ಅದರಿಂದ ಇನ್ನೊಂದು ತೊಡಕು ಹುಟ್ಟಿತು. ಬಳಸಲಾಗದ ನಿಯಂತ್ರಣವನ್ನು ತಂತ್ರಾಂಶ ತಾನಾಗಿಯೇ ಬೂದು ಬಣ್ಣಕ್ಕೆ ತಿರುಗಿಸುತ್ತದೆ, ಕಚೇರಿಯ ತಂತ್ರಾಂಶಗಳಲ್ಲಿ ನಾವೆಲ್ಲ ನೋಡಿರುವಂತೆ. ಆದರೆ ನಮ್ಮ ತೆರೆಗಳಲ್ಲಿ ಬೂದು ಬಣ್ಣಕ್ಕೆ ಆಗಲೇ ಬೇರೊಂದು ಅರ್ಥವಿತ್ತು: ನಿಂತಿರುವ ಪಂಪು. ಗಾಢ ಬಣ್ಣಗಳನ್ನು ಅಸಹಜ ಸ್ಥಿತಿಗೆಂದು ಮೀಸಲಿಟ್ಟು ಉಳಿದ ತೆರೆಯನ್ನು ಮಂದವಾಗಿ ಇಡುವ ಪದ್ಧತಿಯನ್ನು ಇಂಥ ತೆರೆಗಳನ್ನು ರೂಪಿಸುವವರಲ್ಲಿ ಅನೇಕರು ಪಾಲಿಸುತ್ತಾರೆ, ನಮ್ಮ ತೆರೆಗಳೂ ಹಾಗೆಯೇ ಇದ್ದವು. ಈಗ ಓಡುತ್ತಿರುವ ಪಂಪಿನ ಚಿತ್ರವೂ, ನೋಡುತ್ತಿರುವವರಿಗೆ ಅನುಮತಿ ಇಲ್ಲವೆಂಬ ಒಂದೇ ಕಾರಣಕ್ಕೆ ಬೂದಾಗಿ, ನಿಂತಂತೆ ತೋರುತ್ತಿತ್ತು. ಬಣ್ಣ ಬದಲಿಸುವ ಆ ಆಯ್ಕೆಯನ್ನು ಪೂರ್ತಿ ನಿಲ್ಲಿಸಿ, ಬಟನ್ನಿನ ಮೂಲೆಯಲ್ಲಿ ಸಣ್ಣ ಬೀಗದ ಗುರುತು ಬರುವಂತೆ ಮಾಡಿದೆ. ಬೀಗವಿರುವ ಬಟನ್ ಒತ್ತಿದರೆ ಏನೂ ಆಗದೆ ಸುಮ್ಮನಿರುವ ಬದಲು, ‘ಈ ಕೆಲಸಕ್ಕೆ ಪಾಳಿ ಮೇಲ್ವಿಚಾರಕರ ಅನುಮತಿ ಬೇಕು’ ಎಂಬ ಒಂದು ಸಾಲು ಕೆಳಗೆ ಕಾಣುತ್ತದೆ. ಕಾರಣ ಹೇಳದ ನಿರಾಕರಣೆ ರಾತ್ರಿ ಒಂಟಿಯಾಗಿ ಕುಳಿತವರನ್ನು ಎಷ್ಟು ಕಂಗೆಡಿಸುತ್ತದೆ ಎಂಬುದನ್ನು ನಾನು ಆ ಕೊಠಡಿಯಲ್ಲಿ ಕಣ್ಣಾರೆ ನೋಡಿದ್ದೇನೆ.

ನಿಲ್ಲಿಸುವ ಬಟನ್ನುಗಳ ವಿಷಯದಲ್ಲಿ ಹೆಚ್ಚು ಚರ್ಚೆಯಾಯಿತು. ನಿಲ್ಲಿಸುವುದು ಯಾವಾಗಲೂ ಸುರಕ್ಷಿತ, ಆದ್ದರಿಂದ ಅದಕ್ಕೆ ಲಾಗಿನ್ ಬೇಡ ಎಂಬುದು ಕೆಲವರ ನಿಲುವು. ತುರ್ತು ನಿಲುಗಡೆಗೆ ಸಂಬಂಧಿಸಿದಂತೆ ಅದು ಸರಿಯಾದ ಮಾತು. ಆ ಸೌಲಭ್ಯ ಸದಾಕಾಲ ಕೈಗೆಟುಕುವಂತಿರಬೇಕೆಂದು ಐಎಸ್ಒ 13850 ಮಾನದಂಡ ಹೇಳುತ್ತದೆ. ನಮ್ಮಲ್ಲಿ ಅದು ಯಂತ್ರದ ಪಕ್ಕದಲ್ಲೇ ಇರುವ ಕೆಂಪು ಬಟನ್, ತಂತ್ರಾಂಶದ ಅನುಮತಿಗೂ ಅದಕ್ಕೂ ಸಂಬಂಧವಿಲ್ಲ, ಇರಕೂಡದು. ಆದರೆ ತೆರೆಯ ಮೇಲಿನ ಸಾಮಾನ್ಯ ನಿಲುಗಡೆ ಬೇರೆಯೇ ಸಂಗತಿ. ಕ್ಲೋರಿನ್ ಡೋಸಿಂಗ್ ಪಂಪನ್ನು ನಿಲ್ಲಿಸಿ ನೀರನ್ನು ಹರಿಯಲು ಬಿಟ್ಟರೆ, ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ಮುರಿದಂತಾಗುತ್ತದೆ. ಅಲ್ಲಿ ನಿಲ್ಲಿಸುವುದೇ ಅಪಾಯ. ಹೀಗಾಗಿ ಪ್ರತಿ ಪಂಪಿಗೂ ನಿಂತರೆ ಏನಾಗುತ್ತದೆ ಎಂದು ಬೇರೆಬೇರೆಯಾಗಿ ಕೇಳಿಕೊಂಡು ತೀರ್ಮಾನಿಸಬೇಕಾಯಿತು. ಅಲಾರಂ ಸದ್ದು ಅಡಗಿಸುವುದನ್ನು ಮಾತ್ರ ಲಾಗಿನ್ ಇಲ್ಲದೆ ಎಲ್ಲರಿಗೂ ಬಿಟ್ಟೆ. ಕಿವಿಗಡಚಿಕ್ಕುವ ಸದ್ದಿನ ನಡುವೆ ಪಾಸ್‌ವರ್ಡ್ ಟೈಪ್ ಮಾಡುವವರ ಗಮನ ತೊಂದರೆಯ ಮೇಲಿರುವುದಿಲ್ಲ, ಕೀಲಿಮಣೆಯ ಮೇಲಿರುತ್ತದೆ.

ಇಷ್ಟೆಲ್ಲ ಆದ ಮೇಲೆ ಕೆಲಸ ಮುಗಿಯಿತೆಂದು ತಿಳಿದಿದ್ದ ನನಗೆ ಅಡ್ಡದಾರಿಗಳು ಕಾಣಲು ಶುರುವಾದವು. ಮುಖ್ಯ ತೆರೆಯಲ್ಲಿ ಬೀಗ ಹಾಕಿದ್ದ ಡೋಸಿಂಗ್ ಚೌಕ, ಗ್ರಾಫ್ ತೆರೆಯಲ್ಲಿ ಅದೇ ಸಾಲಿನ ಮೇಲೆ ಎರಡು ಸಲ ಒತ್ತಿದರೆ ಬೀಗವಿಲ್ಲದೆ ತೆರೆದುಕೊಳ್ಳುತ್ತಿತ್ತು. ಚೌಕಟ್ಟಿಗೆ ಅನುಮತಿ ಹಾಕಿದರೆ ಒಳಗಿನ ಬಟನ್ನುಗಳಿಗೆ ಅದು ಇಳಿದು ಬರುತ್ತದೆ ಎಂದುಕೊಂಡಿದ್ದೆ. ಕೆಲವಕ್ಕೆ ಇಳಿದಿತ್ತು, ಈ ಮೊದಲೇ ಸ್ವಂತ ಅನುಮತಿ ಹೊಂದಿದ್ದವಕ್ಕೆ ಇಳಿದಿರಲಿಲ್ಲ. ಒಂದು ಬಟನ್ನಿನ ಮೇಲೆ ಮೌಸ್ ಕೆಲಸ ಮಾಡದಿದ್ದರೂ ಅದಕ್ಕೆಂದು ಇಟ್ಟಿದ್ದ ಫಂಕ್ಷನ್ ಕೀ ಕೆಲಸ ಮಾಡುತ್ತಿತ್ತು. ಎಲ್ಲಕ್ಕಿಂತ ದೊಡ್ಡದೆಂದರೆ, ಪಂಪುಗಳ ಪಕ್ಕದಲ್ಲಿ ಗೋಡೆಗೆ ಹಾಕಿದ್ದ ಹಳೆಯ ಸ್ಪರ್ಶ ಫಲಕ. ಅದು ನನ್ನ ತೆರೆಗಳನ್ನು ಕೇಳದೆ ನೇರವಾಗಿ ಪಿಎಲ್‌ಸಿಗೆ, ಅಂದರೆ ಪಂಪು ವಾಲ್ವುಗಳನ್ನು ನಡೆಸುವ ನಿಯಂತ್ರಕ ಕಂಪ್ಯೂಟರಿಗೆ, ಅಂಕಿ ಬರೆಯುತ್ತಿತ್ತು. ಕಂಪ್ಯೂಟರ್ ವಿಜ್ಞಾನಿಗಳಾದ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲಿ ಪಟ್ಟಿ ಮಾಡಿದ ಭದ್ರತಾ ತತ್ವಗಳಲ್ಲಿ, ಅಗತ್ಯವಿರುವಷ್ಟೇ ಅನುಮತಿ ಕೊಡಬೇಕೆಂಬುದನ್ನು ಎಲ್ಲರೂ ನೆನಪಿಡುತ್ತಾರೆ. ಅದೇ ಪಟ್ಟಿಯಲ್ಲಿರುವ, ಪ್ರತಿ ವಸ್ತುವಿನ ಪ್ರತಿ ಬಳಕೆಯನ್ನೂ ಪರೀಕ್ಷಿಸಬೇಕೆಂಬ ತತ್ವವನ್ನು ನಾನು ಕಡೆಗಣಿಸಿದ್ದೆ. ತೆರೆಯ ಮೇಲಿನ ಬೀಗ ಒಳ್ಳೆಯವರಿಗೆ ದಾರಿ ತೋರಿಸುವ ಫಲಕ ಮಾತ್ರ. ನಿಜವಾದ ತಡೆ ಅಂಕಿ ತಲುಪುವ ಜಾಗದಲ್ಲಿರಬೇಕು. ಜಾಲತಾಣಗಳಲ್ಲೂ ಇದೇ ಕಥೆ. ಪುಟದಲ್ಲಿ ನಿಷ್ಕ್ರಿಯಗೊಳಿಸಿದ ಬಟನ್ನನ್ನು ಬ್ರೌಸರಿನ ಡೆವಲಪರ್ ಉಪಕರಣದಿಂದ ಯಾರು ಬೇಕಾದರೂ ಸಕ್ರಿಯಗೊಳಿಸಬಹುದು, ಸರ್ವರ್ ತಾನೇ ಪರೀಕ್ಷಿಸದಿದ್ದರೆ ಆ ನಿಷ್ಕ್ರಿಯತೆಗೆ ಬೆಲೆಯಿಲ್ಲ. ಜಾಲತಾಣಗಳ ಭದ್ರತೆಗಾಗಿ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಹತ್ತು ಪ್ರಮುಖ ಜಾಲ ದೋಷಗಳ ಪಟ್ಟಿಯಲ್ಲಿ ಅನುಮತಿ ನಿಯಂತ್ರಣದ ವೈಫಲ್ಯ ಐದನೆಯ ಸ್ಥಾನದಿಂದ ಮೊದಲನೆಯದಕ್ಕೆ ಏರಿದ್ದನ್ನು ಓದಿದ್ದೆ. ನನ್ನ ಗೋಡೆಯ ಫಲಕವನ್ನು ನೋಡಿದಾಗ ಆ ಏರಿಕೆ ಅಚ್ಚರಿಯೆನಿಸಲಿಲ್ಲ.

ಆದ್ದರಿಂದ ಎರಡು ಪದರಗಳಲ್ಲಿ ಮತ್ತೆ ಕಟ್ಟಿದೆವು. ತಂತ್ರಾಂಶದ ಸರ್ವರಿನಲ್ಲಿ ತೆರೆಯ ಬದಲು ಟ್ಯಾಗಿಗೇ, ಅಂದರೆ ಪ್ರತಿ ಅಂಕಿಗೂ ತಂತ್ರಾಂಶದಲ್ಲಿರುವ ಹೆಸರಿಗೇ, ಬರೆಯುವ ಅನುಮತಿ ಹಾಕಿದೆವು. ಅದರಿಂದ ಯಾವ ತೆರೆಯಿಂದ, ಯಾವ ಕೀಲಿಯಿಂದ ಬಂದರೂ ಪರೀಕ್ಷೆ ಒಂದೇ. ಪಿಎಲ್‌ಸಿಯಲ್ಲಿ, ಯಾರೇ ಬರೆದರೂ ಮೀರಲಾಗದ ಮೇಲಿನ ಮತ್ತು ಕೆಳಗಿನ ಮಿತಿಗಳನ್ನು ಇಟ್ಟೆವು. ಗೋಡೆಯ ಫಲಕವನ್ನು ಸದ್ಯಕ್ಕೆ ನೋಡಲಷ್ಟೇ ಬಿಟ್ಟು, ಬರೆಯುವ ಹಕ್ಕನ್ನು ಕಿತ್ತೆವು. 2021ರ ಫೆಬ್ರವರಿಯಲ್ಲಿ ಫ್ಲಾರಿಡಾದ ಓಲ್ಡ್ಸ್‌ಮಾರ್ ಪಟ್ಟಣದ ನೀರಿನ ಘಟಕದಲ್ಲಿ ಸೋಡಿಯಂ ಹೈಡ್ರಾಕ್ಸೈಡಿನ ಸೆಟ್‌ಪಾಯಿಂಟ್ ದಶಲಕ್ಷಕ್ಕೆ 100 ಭಾಗದಿಂದ 11,100ಕ್ಕೆ ಏರಿತ್ತೆಂದೂ, ಪರದೆಯ ಮುಂದಿದ್ದ ಆಪರೇಟರ್ ಕೂಡಲೇ ಅದನ್ನು ಹಿಂದಕ್ಕೆ ತಂದರೆಂದೂ ಅಲ್ಲಿನ ಅಧಿಕಾರಿಗಳು ಪ್ರಕಟಿಸಿದ್ದರು. ಅದು ಹೊರಗಿನವರ ಕೃತ್ಯವೋ ಒಳಗಿನ ಪ್ರಮಾದವೋ ಎಂಬ ಬಗ್ಗೆ ಮುಂದೆ ಬೇರೆಬೇರೆ ಹೇಳಿಕೆಗಳು ಬಂದವು. ನನ್ನ ಮಟ್ಟಿಗೆ ಅದರಲ್ಲಿ ಮುಖ್ಯವೆನಿಸಿದ್ದು, ಅಂಥ ಅಂಕಿಯನ್ನು ಆ ಚೌಕ ಸ್ವೀಕರಿಸಿತು ಎಂಬುದು. ಯಾರು ತುಂಬಬಹುದು ಎಂಬ ಪ್ರಶ್ನೆಯ ಜೊತೆಗೆ ಎಷ್ಟರವರೆಗೆ ತುಂಬಬಹುದು ಎಂಬುದೂ ಅನುಮತಿಯ ಭಾಗವೇ. ನಮ್ಮಲ್ಲಿ ಈಗ ಆಪರೇಟರ್ ಡೋಸಿಂಗನ್ನು ಒಂದು ಸಣ್ಣ ವ್ಯಾಪ್ತಿಯೊಳಗೆ ತಾವೇ ತಿದ್ದಬಹುದು; ಅದರಾಚೆ ಹೋಗಲು ಮೇಲ್ವಿಚಾರಕರು ತಮ್ಮ ಹೆಸರಿನಲ್ಲಿ ಎರಡನೆಯ ಸಹಿ ಹಾಕಬೇಕು; ಪಿಎಲ್‌ಸಿಯ ಮಿತಿಯನ್ನು ಇಬ್ಬರೂ ಸೇರಿದರೂ ದಾಟಲಾರರು.

ಪರೀಕ್ಷೆಗೆ ಪ್ರತಿ ಗುಂಪಿಗೂ ಒಬ್ಬ ಕಲ್ಪಿತ ಬಳಕೆದಾರರನ್ನು ಮಾಡಿಸಿಕೊಂಡು, 27 ಕೆಲಸಗಳನ್ನೂ ಪ್ರತಿಯೊಬ್ಬರ ಹೆಸರಿನಲ್ಲಿ ಮಾಡಿ ನೋಡಿದೆ. ಆಗಬೇಕಾದದ್ದು ಆಗುತ್ತದೆಯೇ ಎಂಬುದನ್ನು ನೋಡಿದ್ದಕ್ಕಿಂತ ಹೆಚ್ಚು ಸಮಯವನ್ನು ಆಗಬಾರದ್ದು ಆಗುತ್ತದೆಯೇ ಎಂದು ನೋಡಲು ಕೊಟ್ಟೆ. ಹಾಗಿದ್ದೂ ಒಂದು ದೋಷ ನನ್ನ ಪಟ್ಟಿಯಿಂದ ತಪ್ಪಿಸಿಕೊಂಡಿತ್ತು, ಅದನ್ನು ಹಿಡಿದವರು ಅದೇ ಹಿರಿಯ ಆಪರೇಟರ್. ಮೇಲ್ವಿಚಾರಕರು ಲಾಗಿನ್ ಆಗಿ ಡೋಸಿಂಗ್ ಕಿಟಕಿಯನ್ನು ತೆರೆದು, ಕೆಲಸ ಮುಗಿಸಿ, ಕಿಟಕಿ ಮುಚ್ಚದೆ ಲಾಗೌಟ್ ಆಗಿ ಹೋದರೆ, ಆ ಕಿಟಕಿ ತೆರೆಯ ಮೇಲೆ ಹಾಗೆಯೇ ಉಳಿದು ಮುಂದೆ ಬಂದವರ ಅಂಕಿಯನ್ನು ಸ್ವೀಕರಿಸುವಂತೆ ತೋರುತ್ತಿತ್ತು. ತಂತ್ರಾಂಶ ಅನುಮತಿಯನ್ನು ಕಿಟಕಿ ತೆರೆಯುವ ಕ್ಷಣದಲ್ಲಿ ಮಾತ್ರ ನೋಡುತ್ತಿತ್ತು. ಟ್ಯಾಗಿನ ಮಟ್ಟದಲ್ಲಿ ತಡೆ ಇದ್ದದ್ದರಿಂದ ಅಂಕಿ ಮುಂದೆ ಹೋಗುತ್ತಿರಲಿಲ್ಲ, ಆದರೆ ಹೋಯಿತೆಂಬ ಭ್ರಮೆಯೂ ಕೆಟ್ಟದ್ದೇ. ಬಳಕೆದಾರರು ಬದಲಾದ ಕೂಡಲೇ ತೆರೆದಿರುವ ಕಿಟಕಿಗಳೆಲ್ಲ ಮುಚ್ಚಿಕೊಳ್ಳುವಂತೆ ಬರೆದೆವು. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ತಾನಾಗಿಯೇ ಲಾಗೌಟ್ ಆಗುವ ವ್ಯವಸ್ಥೆಯನ್ನೂ ಇಟ್ಟೆವು, ಆದರೆ ಆಗ ತೆರೆ ಕಪ್ಪಾಗುವುದಿಲ್ಲ. ನೋಡುವವರ ಗುಂಪಿಗೆ ಇಳಿದು, ಎಲ್ಲವೂ ಬೀಗದ ಗುರುತಿನೊಂದಿಗೆ ಕಾಣುತ್ತಲೇ ಇರುತ್ತದೆ.

ಬದಲಾವಣೆಯ ದಿನ ಪ್ರತಿಯೊಬ್ಬರಿಗೂ ಅವರವರ ಹೆಸರಿನ ಲಾಗಿನ್ ಕೊಟ್ಟೆವು. ಬಳಕೆದಾರರ ಪಟ್ಟಿಯನ್ನು ಇಟ್ಟುಕೊಂಡಿರುವ ಸರ್ವರ್ ಕೈಕೊಟ್ಟರೆ ಬೇಕಾಗುತ್ತದೆಂದು, ನಿಯಂತ್ರಣ ಕೊಠಡಿಯ ಕಂಪ್ಯೂಟರಿನಲ್ಲೇ ಇರುವ ಒಂದು ತುರ್ತು ಲಾಗಿನ್ನಿನ ಪಾಸ್‌ವರ್ಡನ್ನು ಮುದ್ರೆ ಹಾಕಿದ ಲಕೋಟೆಯಲ್ಲಿಟ್ಟು ಪಾಳಿಯ ಕಪಾಟಿನಲ್ಲಿ ಇರಿಸಿದೆವು. ಹಳೆಯ ‘ಆಪರೇಟರ್’ ಲಾಗಿನ್ನನ್ನು ಅಳಿಸಬೇಡಿ, ನಿಷ್ಕ್ರಿಯಗೊಳಿಸಿ ಎಂದು ನಾನೇ ಹೇಳಿದ್ದೆ. ಅಳಿಸಿದರೆ ಹಿಂದಿನ ವರ್ಷಗಳ ದಾಖಲೆಗಳಲ್ಲಿ ಆ ಹೆಸರಿದ್ದ ಜಾಗ ಖಾಲಿಯಾಗುತ್ತಿತ್ತು. ಸಂಜೆ ಆರಕ್ಕೆ ಅದನ್ನು ನಿಲ್ಲಿಸಿದೆವು, ರಾತ್ರಿ ಯಾವ ಫೋನೂ ಬರಲಿಲ್ಲ. ಬೆಳಿಗ್ಗೆ ಏಳಕ್ಕೆ ಬಂತು: ಪ್ರತಿದಿನ ಆ ಹೊತ್ತಿಗೆ ಮುದ್ರಣವಾಗಿ ಬರುತ್ತಿದ್ದ ನೀರಿನ ಗುಣಮಟ್ಟದ ವರದಿ ಬಂದಿರಲಿಲ್ಲ. ಎಷ್ಟೋ ವರ್ಷಗಳ ಹಿಂದೆ ಬರೆದಿಟ್ಟ ವರದಿಯ ಸ್ಕ್ರಿಪ್ಟು, ಮನುಷ್ಯರಂತೆಯೇ ಆ ಹಂಚಿಕೆಯ ಲಾಗಿನ್ನಿನಿಂದ ಒಳಗೆ ಹೋಗಿ ಅಂಕಿಗಳನ್ನು ತರುತ್ತಿತ್ತು, ಪಂಪು ನಿಲ್ಲಿಸುವ ಹಕ್ಕನ್ನೂ ತನ್ನೊಂದಿಗೆ ಹೊತ್ತುಕೊಂಡು. ಆ ಬೆಳಿಗ್ಗೆಯೇ ಬಳಕೆದಾರರನ್ನು ಸೇರಿಸುವವರಿಂದ ಅದಕ್ಕೊಂದು ಸ್ವಂತ ಹೆಸರು ಕೊಡಿಸಿ, ನೋಡುವವರ ಗುಂಪಿಗೆ ಹಾಕಿಸಿ, ಬೇಕಾದ 31 ಟ್ಯಾಗುಗಳನ್ನು ಓದುವ ಅನುಮತಿಯಷ್ಟೇ ಇರುವಂತೆ ಮಾಡಿದೆ. ಎಂಟೂಕಾಲಿಗೆ ವರದಿ ಮುದ್ರಣವಾಯಿತು.